ಮುಚ್ಚಿಟ್ಟ ಆಟಿಕೆಯನ್ನು ಮಗು ಹುಡುಕುವುದು ಯಾವಾಗ, ಹೇಗೆ? ಮನೆಯಲ್ಲೇ ಆಡಿಸುವ ಕ್ರಮ

ಆರು ತಿಂಗಳ ಮಗುವಿನ ಮುಂದೆ ಒಂದು ಚೆಂಡು ಇಡಿ. ಹಿಡಿಯೋಣ ಅಂತ ಅದು ಕೈ ಚಾಚುತ್ತದೆ. ಕೈ ತಾಗುವ ಮೊದಲೇ ಚೆಂಡಿನ ಮೇಲೆ ಒಂದು ಬಟ್ಟೆ ಹಾಕಿ. ಚಾಚಿದ ಕೈ ಅಲ್ಲೇ ನಿಂತುಬಿಡುತ್ತದೆ. ಮಗು ಒಂದು ಕ್ಷಣ ಬಟ್ಟೆ ನೋಡುತ್ತದೆ, ಆಮೇಲೆ ನಿಮ್ಮ ಮುಖ ನೋಡುತ್ತದೆ, ಇಲ್ಲವೇ ತನ್ನ ಕಾಲ್ಬೆರಳು ಹಿಡಿದುಕೊಂಡು ಆಡತೊಡಗುತ್ತದೆ. ಅದೇ ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಇದನ್ನೇ ಮಾಡಿ ನೋಡಿ. ಬಟ್ಟೆಯನ್ನು ಎಳೆದು ಬಿಸಾಕಿ ಚೆಂಡು ಹಿಡಿಯುತ್ತದೆ.

ಹುಡುಕುವುದು ನಮಗೆ ಒಂದೇ ಕೆಲಸದಂತೆ ಕಾಣುತ್ತದೆ. ಮಗುವಿಗೆ ಅದು ನಾಲ್ಕೈದು ಕೆಲಸ. ಕಣ್ಣಿಗೆ ಕಾಣದಿದ್ದರೂ ವಸ್ತು ಇದೆ ಅಂತ ಗೊತ್ತಿರಬೇಕು. ಎಲ್ಲಿ ಹೋಯಿತು ಅನ್ನುವುದು ನೆನಪಿರಬೇಕು. ಮೊದಲು ಬಟ್ಟೆ ಎಳಿ, ಆಮೇಲೆ ಚೆಂಡು ಹಿಡಿ ಅನ್ನುವ ಕ್ರಮ ಕೈಗೆ ಬರಬೇಕು. ಹೋದ ಸಲ ಸಿಕ್ಕ ಜಾಗದ ಕಡೆಗೇ ಓಡುವ ಕೈಯನ್ನು ತಡೆದುಕೊಳ್ಳಬೇಕು. ತಾನು ಜಾಗ ಬದಲಿಸಿದರೆ ಚೆಂಡು ಈಗ ಯಾವ ಕಡೆಗಿದೆ ಅನ್ನುವ ಲೆಕ್ಕವೂ ಬೇಕು. ಇವೆಲ್ಲ ಒಟ್ಟಿಗೆ ಬರುವುದಿಲ್ಲ. ಒಂದೊಂದೂ ತನ್ನ ಹೊತ್ತಿಗೆ ಬರುತ್ತದೆ. ಹಾಗಾಗಿ ಮಗು ತಪ್ಪು ಜಾಗದಲ್ಲಿ ಹುಡುಕಿದರೆ ಬೇಸರ ಮಾಡಿಕೊಳ್ಳಬೇಡಿ. ಎಂಥ ತಪ್ಪು ಮಾಡಿತು ಅಂತ ನೋಡಿ. ಮಗು ಎಲ್ಲಿಯವರೆಗೆ ಬಂದಿದೆ ಅನ್ನುವುದು ಆ ತಪ್ಪಿನಿಂದಲೇ ತಿಳಿಯುತ್ತದೆ.

ಮುಂದೆ ಬರುವ ಆಟಗಳಿಗೆ ದುಡ್ಡು ಖರ್ಚಿಲ್ಲ. ತಿಂಗಳುಗಳನ್ನು ಅಂದಾಜಿಗೆ ಮಾತ್ರ ಕೊಟ್ಟಿದ್ದೇನೆ. ಒಂದೆರಡು ತಿಂಗಳು ಹಿಂದೆ ಮುಂದೆ ಆಗುವುದು ಮಾಮೂಲಿ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದ ಲೆಕ್ಕ ಹಾಕಬೇಡಿ. ಡಾಕ್ಟರ್ ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಿ.

ಶುರು ಮಾಡುವ ಮೊದಲು

ತೆಳುವಾದ ಎರಡು ಬಟ್ಟೆ, ಒಳಗಿನದ್ದು ಕಾಣದಂಥ ಒಂದೇ ಬಣ್ಣದ ಎರಡು ಬಟ್ಟಲು, ಮಗುವಿಗೆ ಇಷ್ಟವಾದ ಒಂದು ಆಟಿಕೆ. ಇಷ್ಟು ಸಾಕು.

ಆಟಿಕೆ ದೊಡ್ಡದಿರಲಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಸುಮಾರು 3.2 ಸೆಂಟಿಮೀಟರ್ ಅಗಲದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಿಗೆ ಅಪಾಯ ಅಂತ ಲೆಕ್ಕ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯಲ್ಲಿ ಹಾಕಿ ನೋಡಬಹುದು. ಅದರೊಳಗೆ ಜಾರಿಹೋಗುವ ವಸ್ತು ಬೇಡವೇ ಬೇಡ. ಗುಂಡಿ ಗಾತ್ರದ ಬ್ಯಾಟರಿ ಮತ್ತು ಸಣ್ಣ ಅಯಸ್ಕಾಂತ ಇರುವ ಆಟಿಕೆಗಳನ್ನು ಹತ್ತಿರಕ್ಕೂ ತರಬೇಡಿ.

ಬಾರಿಸುವ, ಹಾಡುವ ಆಟಿಕೆಗಿಂತ ಸದ್ದು ಮಾಡದ ಆಟಿಕೆ ಒಳ್ಳೆಯದು. ಬಟ್ಟೆಯಡಿಯಿಂದ ಸದ್ದು ಬರುತ್ತಿದ್ದರೆ ಮಗು ನೆನಪಿನಿಂದ ಹುಡುಕಿತೋ ಸದ್ದು ಕೇಳಿ ಹುಡುಕಿತೋ ನಿಮಗೆ ಗೊತ್ತಾಗುವುದಿಲ್ಲ.

ಹೊಟ್ಟೆ ತುಂಬಿ, ನಿದ್ದೆ ಮುಗಿದು, ಮಗು ಚುರುಕಾಗಿರುವ ಹೊತ್ತಿನಲ್ಲಿ ಆಡಿಸಿ. ಐದು ನಿಮಿಷ ಸಾಕು. ಮುಖ ತಿರುಗಿಸಿತು, ಕಣ್ಣು ಉಜ್ಜಿತು, ಬೆನ್ನು ಬಿಲ್ಲಿನಂತೆ ಬಾಗಿಸಿತು ಅಂದರೆ ಅವತ್ತಿಗೆ ಸಾಕು ಅಂತ ಅರ್ಥ.

ಮೊದಲ ನಾಲ್ಕು ತಿಂಗಳು: ಕಣ್ಣಿಗೆ ಕೆಲಸ

ಹುಟ್ಟಿದ ಮಗುವಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ. ಎತ್ತಿಕೊಂಡಾಗ ನಿಮ್ಮ ಮುಖ ಇರುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಅಲ್ಲಿಂದಲೇ ಶುರು ಮಾಡಿ. ಗಾಢ ಬಣ್ಣದ ಒಂದು ವಸ್ತುವನ್ನು ಅಷ್ಟೇ ದೂರದಲ್ಲಿ ಹಿಡಿದು, ನಿಧಾನವಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ. ಮಗುವಿನ ಕಣ್ಣು ಜಾರಿದರೆ ಕೈ ನಿಲ್ಲಿಸಿ. ಕಣ್ಣು ಮತ್ತೆ ವಸ್ತುವಿನ ಮೇಲೆ ಕೂತ ಮೇಲೆ ಮುಂದೆ ಹೋಗಿ.

ಎರಡೂ ಕಣ್ಣು ಒಟ್ಟಾಗಿ ಕೆಲಸ ಮಾಡಿ ಆಳ, ದೂರ ಅಳೆಯುವ ಶಕ್ತಿ ಸುಮಾರು ನಾಲ್ಕನೇ ತಿಂಗಳ ಹೊತ್ತಿಗೆ ಬರುತ್ತದೆ. ಕೈ ಚಾಚಿ ಗುರಿ ಮುಟ್ಟುವುದು ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. ಅಲ್ಲಿಯವರೆಗೆ ಏನನ್ನೂ ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಒಂದನ್ನು ತಪ್ಪಿಸಬೇಡಿ. ಎಚ್ಚರವಿದ್ದಾಗ ಮಗುವನ್ನು ನೆಲದ ಮೇಲೆ ಬೋರಲು ಮಲಗಿಸಿ, ಪಕ್ಕದಲ್ಲೇ ಕೂತಿರಿ. ಇನ್ನೂ ಹರಿದಾಡದ ಮಕ್ಕಳಿಗೆ ದಿನಕ್ಕೆ ಕನಿಷ್ಠ 30 ನಿಮಿಷ, ಬಿಡಿಬಿಡಿಯಾಗಿ, ಹೀಗೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಲಗಿಸುವಾಗ ಮಾತ್ರ ಯಾವತ್ತೂ ಅಂಗಾತವೇ ಮಲಗಿಸಿ. ಬೋರಲಲ್ಲಿ ತಲೆ ಎತ್ತಿ ನೋಡಿದಾಗ ಕೋಣೆ ಬೇರೆಯೇ ಥರ ಕಾಣುತ್ತದೆ. ಮುಂದೆ ತೆವಳಲು ಬೇಕಾದ ಕುತ್ತಿಗೆ, ಭುಜ, ತೋಳಿನ ಬಲವೂ ಅಲ್ಲೇ ಬರುವುದು. ಹುಡುಕಾಟಕ್ಕೂ ತೆವಳುವುದಕ್ಕೂ ಇರುವ ನಂಟು ದೊಡ್ಡದು. ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕರಿಂದ ಏಳು ತಿಂಗಳು: ಅರ್ಧ ಮುಚ್ಚಿ, ಅರ್ಧ ಬಿಡಿ

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತನ್ನ ಮೂವರು ಮಕ್ಕಳನ್ನು ಹುಟ್ಟಿದಾಗಿನಿಂದ ಹತ್ತಿರದಿಂದ ಗಮನಿಸಿ, ಆಟಿಕೆ ಬಚ್ಚಿಟ್ಟು, ಅವರು ಮಾಡಿದ್ದನ್ನೆಲ್ಲ ಬರೆದಿಟ್ಟ. 1937ರಲ್ಲಿ ಬಂದ ಅವನ ಪುಸ್ತಕದಲ್ಲಿ ಈ ಟಿಪ್ಪಣಿಗಳಿವೆ. ಸುಮಾರು ಎಂಟು ತಿಂಗಳವರೆಗೆ ಮಗುವಿಗೆ ಕಾಣದ ವಸ್ತು ಇಲ್ಲವೇ ಇಲ್ಲ ಅನ್ನುವುದು ಅವನ ತೀರ್ಮಾನ.

ಐವತ್ತು ವರ್ಷದ ನಂತರ ಈ ತೀರ್ಮಾನ ಅಲ್ಲಾಡಿತು. 1985ರಲ್ಲಿ ರೆನೆ ಬೈಯಾರ್ಜೋನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಅವರ ಜೊತೆಗಾರರು ಐದು ತಿಂಗಳ ಮಕ್ಕಳ ಮುಂದೆ ಒಂದು ಹಲಗೆ ಇಟ್ಟರು. ಅದು ಬಾಗಿಲಿನಂತೆ ಮಡಚಿ ಹಿಂದಕ್ಕೆ ಮಲಗುತ್ತಿತ್ತು. ಹಲಗೆಯ ಹಿಂದೆ ಒಂದು ಪೆಟ್ಟಿಗೆ. ಹಲಗೆ ಪೆಟ್ಟಿಗೆಗೆ ತಾಗಿ ನಿಂತರೆ ಸರಿ. ಪೆಟ್ಟಿಗೆ ಇಲ್ಲವೇನೋ ಅನ್ನುವಂತೆ ಪೂರ್ತಿ ಮಲಗಿಬಿಟ್ಟರೆ ಮಕ್ಕಳು ಜಾಸ್ತಿ ಹೊತ್ತು ಅದನ್ನೇ ನೋಡುತ್ತಿದ್ದರು. ಕಾಣದ ಪೆಟ್ಟಿಗೆ ಅಲ್ಲೇ ಇರಬೇಕಿತ್ತಲ್ಲ ಅನ್ನುವ ಲೆಕ್ಕ ಅವರಲ್ಲಿ ಇದ್ದಿರಬೇಕು ಅಂತ ಸಂಶೋಧಕರು ವಾದಿಸಿದರು. ಜಾಸ್ತಿ ಹೊತ್ತು ನೋಡಿದ ಮಾತ್ರಕ್ಕೆ ಅಷ್ಟೆಲ್ಲ ಅರ್ಥ ಹಚ್ಚಬಹುದಾ ಅನ್ನುವ ಚರ್ಚೆ ಈಗಲೂ ಇದೆ. ಇನ್ನೊಂದು ಪ್ರಯೋಗ 1986ರದ್ದು. ಐದು ತಿಂಗಳ ಮಗುವಿಗೆ ಒಂದು ವಸ್ತು ತೋರಿಸಿ, ಕೈ ಚಾಚುವ ಮೊದಲೇ ಕೋಣೆಯ ದೀಪ ಆರಿಸಿದರು. ಕತ್ತಲಲ್ಲಿಯೂ ಮಕ್ಕಳು ವಸ್ತು ಇದ್ದ ಕಡೆಗೇ ಹೆಚ್ಚಾಗಿ ಕೈ ಚಾಚಿದರು.

ಮನೆಯಲ್ಲಿ ಇದರಿಂದ ತಿಳಿಯಬೇಕಾದದ್ದು ಇಷ್ಟು: ಬಟ್ಟೆ ತೆಗೆಯದ ಆರು ತಿಂಗಳ ಮಗುವಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಒಂದನ್ನು ಸರಿಸಿ ಇನ್ನೊಂದನ್ನು ಹಿಡಿಯುವ ಎರಡು ಹಂತದ ಕೆಲಸ ಅದಕ್ಕೆ ಇನ್ನೂ ಭಾರ. ಆ ಭಾರ ಇಳಿಸಿ ಆಡಿಸಿ.

1. ಮಗುವನ್ನು ಆಸರೆ ಕೊಟ್ಟು ಕೂರಿಸಿ. ಆಟಿಕೆಯನ್ನು ಅದರ ಕೈಗೆ ಎಟಕುವಷ್ಟು ಹತ್ತಿರ ಇಡಿ. ಮಗು ಅದನ್ನು ನೋಡಿದ ಮೇಲೆ ಅರ್ಧಕ್ಕೆ ಬಟ್ಟೆ ಹೊದಿಸಿ. ಕಾಣುವ ಅರ್ಧವನ್ನು ಹಿಡಿದು ಎಳೆದುಕೊಳ್ಳುತ್ತದೆ.

2. ಇದು ಸಲೀಸಾದ ಮೇಲೆ ಮುಕ್ಕಾಲು ಮುಚ್ಚಿ. ಬೊಂಬೆಯಾದರೆ ಒಂದು ಕಾಲಷ್ಟೇ ಹೊರಗಿರಲಿ.

3. ಮಗು ಆಟಿಕೆ ಹಿಡಿದುಕೊಂಡಿರುವಾಗಲೇ ಕೈ ಸಮೇತ ಬಟ್ಟೆ ಹೊದಿಸಿ. ಕೈಯಲ್ಲಿ ಸ್ಪರ್ಶ ಇರುವುದರಿಂದ ಹೊರಗೆಳೆಯುವುದು ಸುಲಭ. ಒಳಗಿತ್ತು, ಹೊರಗೆ ಬಂತು ಅನ್ನುವ ಅನುಭವ ಕೈಗೆ ಸಿಗುತ್ತದೆ.

4. ಮುಖ ಮುಚ್ಚಿ ತೆಗೆಯುವ ಆಟ. ನಿಮ್ಮ ಮುಖಕ್ಕೆ ಬಟ್ಟೆ ಹಿಡಿದು, ಒಂದೆರಡು ಸೆಕೆಂಡ್ ಬಿಟ್ಟು ತೆಗೆಯಿರಿ. ಪ್ರತಿ ಸಲವೂ ಅದೇ ಜಾಗದಿಂದ ಇಣುಕಿ. ಮಗು ಕೇಕೆ ಹಾಕತೊಡಗಿದ ಮೇಲೆ ಒಮ್ಮೆ ಬಟ್ಟೆಯ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ ಇಣುಕಿ. ಮಗುವಿನ ಮುಖದ ಮೇಲೆ ಬಟ್ಟೆ ಹಾಕುವುದಿದ್ದರೆ ತೆಳುವಾದದ್ದೇ ಇರಲಿ, ತಕ್ಷಣ ಎಳೆಯಿರಿ, ಬಟ್ಟೆಯ ಜೊತೆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಈ ವಯಸ್ಸಿನಲ್ಲಿ ಕೂತಲ್ಲಿಂದ ಸಾಮಾನು ಕೆಳಗೆ ಬೀಳಿಸುವುದು ಶುರುವಾಗುತ್ತದೆ. ಬಿದ್ದದ್ದರ ಕಡೆಗೆ ಬಗ್ಗಿ ನೋಡುತ್ತದಾ ಅಂತ ಗಮನಿಸಿ. ಮೊದಮೊದಲು ಖಾಲಿ ಕೈಯನ್ನೇ ನೋಡುತ್ತಿರುತ್ತದೆ. ಕೆಲವು ವಾರ ಕಳೆದ ಮೇಲೆ ಸದ್ದು ಬಂದ ಕಡೆ ತಲೆ ತಿರುಗುತ್ತದೆ. ಹತ್ತು ಸಲ ಎತ್ತಿಕೊಟ್ಟರೂ ಹನ್ನೊಂದನೇ ಸಲ ಬೀಳಿಸುತ್ತದೆ. ತಾಳ್ಮೆ ಇರಲಿ, ಮಗು ಕಲಿಯುತ್ತಿದೆ.

ಎಂಟರಿಂದ ಹನ್ನೆರಡು ತಿಂಗಳು: ಎರಡು ಬಟ್ಟಲಿನ ಆಟ

ನನ್ನ ಮಟ್ಟಿಗೆ ಇಡೀ ಮೊದಲ ವರ್ಷದಲ್ಲಿ ಇದಕ್ಕಿಂತ ಸೊಗಸಾದ ಆಟ ಇನ್ನೊಂದಿಲ್ಲ. ಮಗು ಒಂದು ಬಟ್ಟೆಯಡಿಯಿಂದ ಆಟಿಕೆಯನ್ನು ಸಲೀಸಾಗಿ ತೆಗೆಯತೊಡಗಿದ ಮೇಲೆ ಆಡಿ.

1. ಎರಡು ಬಟ್ಟಲನ್ನು ಮಗುವಿನ ಮುಂದೆ ಬೋರಲು ಹಾಕಿ. ಮಧ್ಯೆ ಒಂದು ಗೇಣು ಅಂತರ ಇರಲಿ. ಎರಡೂ ಮಗುವಿನ ಕೈಗೆ ಎಟಕಬೇಕು.

2. ಮಗು ನೋಡುತ್ತಿರುವಾಗ ಎಡಗಡೆ ಬಟ್ಟಲಿನಡಿ ಆಟಿಕೆ ಇಡಿ. ಹುಡುಕಲು ಬಿಡಿ. ಸಿಕ್ಕಿದ ಮೇಲೆ ಒಂದಿಷ್ಟು ಹೊತ್ತು ಆಡಿಕೊಳ್ಳಲಿ. ಸಿಕ್ಕ ತಕ್ಷಣ ಕಿತ್ತುಕೊಂಡರೆ ಮುಂದಿನ ಸಲ ಹುಡುಕುವ ಮನಸ್ಸೇ ಇರುವುದಿಲ್ಲ.

3. ಅದೇ ಎಡಗಡೆ ಇನ್ನೆರಡು ಸಲ ಇಡಿ.

4. ಈಗ ಮಗು ನೋಡುತ್ತಿರುವಾಗಲೇ, ನಿಧಾನವಾಗಿ, ಬಲಗಡೆ ಬಟ್ಟಲಿನಡಿ ಇಡಿ. ಎರಡು ಮೂರು ಸೆಕೆಂಡ್ ಕಾದು, ಹುಡುಕಲು ಬಿಡಿ.

ಮಗು ಎಡಗಡೆ ಬಟ್ಟಲನ್ನು ಎತ್ತುತ್ತದೆ! ಬಲಗಡೆ ಇಟ್ಟದ್ದನ್ನು ಕಣ್ಣಾರೆ ನೋಡಿದೆ. ಆದರೂ ಕೈ ಹೋಗುವುದು ಹಳೆಯ ಜಾಗಕ್ಕೆ. ಇದನ್ನು ಮೊದಲು ಗುರುತಿಸಿದವನೂ ಪಿಯಾಜೆಯೇ. ಆಟ ಆಡಿಸುವಾಗ ಮಗುವಿನ ಕಣ್ಣನ್ನೂ ಕೈಯನ್ನೂ ಬೇರೆ ಬೇರೆಯಾಗಿ ನೋಡಿ. ಕೆಲವೊಮ್ಮೆ ಮಗು ಬಲಗಡೆಯನ್ನೇ ನೋಡುತ್ತಾ ಎಡಗಡೆಗೆ ಕೈ ಹಾಕುತ್ತದೆ. ಕಣ್ಣಿಗೆ ಗೊತ್ತು, ಕೈಗೆ ಇನ್ನೂ ಗೊತ್ತಿಲ್ಲ. ಖಾಲಿ ಬಟ್ಟಲು ಎತ್ತಿ ಅದರ ಒಳಗೆ ನೋಡುವುದಕ್ಕೂ ಹೋಗದೆ ನೇರ ಬಲಗಡೆಗೆ ಹೊರಳುವ ಮಕ್ಕಳೂ ಇದ್ದಾರೆ.

ಯಾಕೆ ಹೀಗೆ? ಸಂಶೋಧಕಿ ಅಡೆಲ್ ಡೈಮಂಡ್ ಒಂದಷ್ಟು ಮಕ್ಕಳನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಇದೇ ಆಟ ಆಡಿಸಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಏಳೂವರೆ ತಿಂಗಳ ಮಕ್ಕಳು, ಮುಚ್ಚಿದ ಮೇಲೆ ಎರಡು ಸೆಕೆಂಡ್ ಕಾಯಿಸಿದರೂ ಸಾಕು, ತಪ್ಪುತ್ತಿದ್ದರು. ಹನ್ನೆರಡು ತಿಂಗಳ ಹೊತ್ತಿಗೆ ಮಕ್ಕಳು ತಪ್ಪಬೇಕಾದರೆ ಸುಮಾರು ಹತ್ತು ಸೆಕೆಂಡ್ ಕಾಯಿಸಬೇಕಾಗುತ್ತಿತ್ತು. ಎಲ್ಲಿದೆ ಅನ್ನುವುದನ್ನು ಮನಸ್ಸಿನಲ್ಲಿ ಹಿಡಿದಿಡುವುದು, ರೂಢಿಯಾದ ಕಡೆಗೆ ಹೊರಟ ಕೈಯನ್ನು ತಡೆಯುವುದು, ಎರಡೂ ಮಿದುಳಿನ ಮುಂಭಾಗದ ಕೆಲಸ. ಆ ಭಾಗ ನಿಧಾನವಾಗಿ ಬಲಿಯುತ್ತದೆ.

ಲಿಂಡಾ ಸ್ಮಿತ್ ಮತ್ತು ಎಸ್ತರ್ ಥೆಲೆನ್ 1999ರಲ್ಲಿ ಇನ್ನೂ ಮುಂದೆ ಹೋದರು. ಆಟಿಕೆಯನ್ನೇ ಬಚ್ಚಿಡದೆ, ಬರೀ ಮುಚ್ಚಳಗಳನ್ನು ತೋರಿಸಿ ಇದೇ ಆಟ ಆಡಿಸಿದರೂ ಮಕ್ಕಳು ಹಳೆಯ ಕಡೆಗೇ ಕೈ ಹಾಕಿದರು. ಕೂತು ಆಡುತ್ತಿದ್ದ ಮಗುವನ್ನು ಜಾಗ ಬದಲಿಸುವ ಹೊತ್ತಿಗೆ ಎಬ್ಬಿಸಿ ನಿಲ್ಲಿಸಿದರೆ ತಪ್ಪು ಕಡಿಮೆಯಾಯಿತು. ಮೈಯ ಭಂಗಿ ಬದಲಾದಾಗ ಕೈಯ ರೂಢಿಯೂ ಸಡಿಲವಾಗುತ್ತದೆ. ನಾವು ಮಗುವಿನ ಬುದ್ಧಿಯನ್ನು ತಲೆಯಲ್ಲಿ ಮಾತ್ರ ಹುಡುಕುತ್ತೇವೆ, ಅದು ತೋಳಿನಲ್ಲೂ ಇದೆ ಅಂತ ಈ ಪ್ರಯೋಗ ಓದಿದಾಗಲೆಲ್ಲ ಅನಿಸುತ್ತದೆ.

2008ರಲ್ಲಿ ಹಂಗೇರಿಯ ಸಂಶೋಧಕರ ತಂಡವೊಂದು ದೊಡ್ಡವರನ್ನೇ ಪರೀಕ್ಷೆಗೆ ಹಚ್ಚಿತು. ಆಟಿಕೆ ಬಚ್ಚಿಡುವವರು ಹತ್ತು ತಿಂಗಳ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು, ಮಾತಾಡಿಸುತ್ತಾ ಎಡಗಡೆ ಇಟ್ಟರೆ, ಮಗು ಆಮೇಲೂ ಎಡಗಡೆಗೇ ಹೋಗುವುದು ಜಾಸ್ತಿ. ಮಾತಿಲ್ಲದೆ, ಕಣ್ಣು ಕೂಡಿಸದೆ ಸುಮ್ನೆ ಇಟ್ಟರೆ ತಪ್ಪು ಕಡಿಮೆ. ಇವರು ನನಗೇನೋ ಕಲಿಸುತ್ತಿದ್ದಾರೆ, ಆಟಿಕೆಯ ಜಾಗ ಇದೇ ಅಂತ ಮಗು ಪಾಠ ಕಲಿತುಬಿಡುತ್ತದೆ ಅನ್ನುವುದು ಅವರ ವಿವರಣೆ.

ಇಷ್ಟೆಲ್ಲ ತಿಳಿದ ಮೇಲೆ ಎರಡು ಬಟ್ಟಲಿನ ಆಟವನ್ನು ಹೀಗೆ ಸುಲಭ ಮಾಡಬಹುದು. ಬಟ್ಟಲುಗಳ ಬಣ್ಣ ಬೇರೆ ಬೇರೆ ಇಡಿ. ಕಾಯುವ ಹೊತ್ತು ಕಡಿಮೆ ಮಾಡಿ. ಒಮ್ಮೆ ಕೂರಿಸಿ, ಒಮ್ಮೆ ನಿಲ್ಲಿಸಿ ಆಡಿಸಿ. ಮಾತು ಕಡಿಮೆ ಮಾಡಿ ನೋಡಿ. ಕಷ್ಟ ಮಾಡಬೇಕಾದರೆ ಕಾಯುವ ಹೊತ್ತನ್ನು ಒಂದೊಂದೇ ಸೆಕೆಂಡ್ ಹೆಚ್ಚಿಸಿ, ಎಡಗಡೆ ಇಡುವ ಸಲಗಳನ್ನು ಜಾಸ್ತಿ ಮಾಡಿ.

ಮಗು ತಪ್ಪು ಬಟ್ಟಲು ಎತ್ತಿದಾಗ "ಅಲ್ಲ ಅಲ್ಲ, ಈ ಕಡೆ" ಅನ್ನಬೇಡಿ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಖಾಲಿ ಬಟ್ಟಲು ನೋಡಿ ಮಗು ಅಲ್ಲೇ ನಿಲ್ಲುತ್ತದೆ, ಕೈಯಲ್ಲಿ ಬಟ್ಟಲು ಹಾಗೇ ಇರುತ್ತದೆ, ಕಣ್ಣು ಆ ಕಡೆ ಈ ಕಡೆ ಹೋಗುತ್ತದೆ. ನಮಗೆ ಬಾಯಿಗೆ ಬಂದ ಉತ್ತರ ತಡೆದುಕೊಳ್ಳುವುದು ಕಷ್ಟವೇ. ಆದರೆ ಮಗು ಯೋಚಿಸುವುದು ಆ ಹೊತ್ತಿನಲ್ಲಿ. ಅಷ್ಟಾದರೂ ಸಿಗದಿದ್ದರೆ ಬಲಗಡೆ ಬಟ್ಟಲಿನ ಅಂಚನ್ನು ಸ್ವಲ್ಪ ಎತ್ತಿ ಆಟಿಕೆಯ ತುದಿ ತೋರಿಸಿ. ಕೈಗೆ ಎತ್ತಿಕೊಡಬೇಡಿ.

ಇದೇ ತಿಂಗಳುಗಳಲ್ಲಿ ನೀವು ಕೋಣೆ ಬಿಟ್ಟು ಹೊರಟರೆ ಮಗು ಅಳುವುದು ಜಾಸ್ತಿಯಾಗುತ್ತದೆ. ಕಾಣದಿದ್ದರೂ ನೀವು ಎಲ್ಲೋ ಇದ್ದೀರಿ ಅಂತ ಅದಕ್ಕೀಗ ಗೊತ್ತು, ಯಾವಾಗ ಬರುತ್ತೀರಿ ಅಂತ ಗೊತ್ತಿಲ್ಲ. ಅಳುತ್ತದೆ ಅಂತ ಕದ್ದು ಹೋಗಬೇಡಿ. ಹೇಳಿ ಹೋಗಿ, ಬಂದ ಮೇಲೆ ಬಂದೆ ಅಂತ ಹೇಳಿ. ಪಕ್ಕದ ಕೋಣೆಗೆ ಹೋದಾಗ ಅಲ್ಲಿಂದಲೇ ಮಾತಾಡಿಸುತ್ತಿರಿ.

ತೆವಳತೊಡಗಿದ ಮೇಲೆ: ಕೋಣೆಯೇ ಆಟಿಕೆ

ಕೂತ ಮಗುವಿಗೆ ಪ್ರಪಂಚ ಅಂದರೆ ತನ್ನ ಎಡ, ತನ್ನ ಬಲ. ತಾನು ಅಲುಗದಿದ್ದರೆ ಈ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ಜಾಗ ಬದಲಾದ ತಕ್ಷಣ ತಪ್ಪುತ್ತದೆ. 1978ರಲ್ಲಿ ಲಿಂಡಾ ಅಕ್ರೆಡೊಲೊ ಇದನ್ನು ಚೆನ್ನಾಗಿ ತೋರಿಸಿದರು. ಕೋಣೆಗೆ ಎಡಕ್ಕೊಂದು ಬಲಕ್ಕೊಂದು ಕಿಟಕಿ. ಗಂಟೆ ಸದ್ದಾದಾಗ ಒಂದೇ ಕಿಟಕಿಯಲ್ಲಿ ಒಬ್ಬರು ಇಣುಕುತ್ತಿದ್ದರು. ಮಗು ಅದನ್ನು ಕಲಿತ ಮೇಲೆ ಮಗುವನ್ನು ಕೋಣೆಯ ಎದುರು ಬದಿಗೆ ಒಯ್ದು ಮತ್ತೆ ಗಂಟೆ ಬಾರಿಸಿದರು. ಆರು ತಿಂಗಳ ಮಕ್ಕಳು ಮೊದಲು ತಿರುಗುತ್ತಿದ್ದ ಬದಿಗೇ ತಿರುಗಿದರು, ಅಂದರೆ ತಪ್ಪು ಕಿಟಕಿಗೆ. ಹದಿನಾರು ತಿಂಗಳ ಮಕ್ಕಳು ಸರಿಯಾದ ಕಿಟಕಿ ನೋಡಿದರು. ಹನ್ನೊಂದು ತಿಂಗಳವರಿಗೆ ಕಿಟಕಿಯ ಸುತ್ತ ಎದ್ದು ಕಾಣುವ ಗುರುತು ಇದ್ದಾಗ ಸಹಾಯವಾಯಿತು.

ತೆವಳುವುದಕ್ಕೂ ಹುಡುಕುವುದಕ್ಕೂ ಇರುವ ನಂಟು 1988ರಲ್ಲಿ ರೊಸಾನ್ ಕರ್ಮೋಯನ್ ಮತ್ತು ಜೋಸೆಫ್ ಕ್ಯಾಂಪೋಸ್ ಮಾಡಿದ ಅಧ್ಯಯನದಲ್ಲಿ ಕಂಡಿತು. ಎಂಟೂವರೆ ತಿಂಗಳ ಮಕ್ಕಳಲ್ಲಿ ಓಡಾಡಿ ಅಭ್ಯಾಸವಿದ್ದವರು, ಇನ್ನೂ ಕೂತಲ್ಲೇ ಇದ್ದವರಿಗಿಂತ ಬಚ್ಚಿಟ್ಟದ್ದನ್ನು ಚೆನ್ನಾಗಿ ಹುಡುಕಿದರು. ವಾಕರ್‌ನಲ್ಲಿ ಓಡಾಡಿದ ಮಕ್ಕಳೂ ಇದರಲ್ಲಿ ಸೇರಿದ್ದರು. ಹಾಗಂತ ವಾಕರ್ ತರಬೇಡಿ. ಮೆಟ್ಟಿಲಿಂದ ಉರುಳಿ, ಬಿಸಿ ಪಾತ್ರೆಗೆ ಕೈ ಹಾಕಿ ಮಕ್ಕಳು ಗಾಯ ಮಾಡಿಕೊಳ್ಳುತ್ತಾರೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನೆಲ ಕೊಡಿ, ಸಾಕು.

ಆಟಿಕೆಯನ್ನು ದಿಂಬಿನ ಹಿಂದೆ ಇಟ್ಟು, ಸುತ್ತಿ ಬರಲು ಬಿಡಿ. ಎರಡೂ ಬದಿ ತೆರೆದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಸುರಂಗ ಮಾಡಿ, ಆ ತುದಿಯಲ್ಲಿ ನೀವು ಕೂತುಕೊಳ್ಳಿ. ಇನ್ನೊಂದು ಆಟ ಸ್ವಲ್ಪ ವಿವರವಾಗಿ: ಮಗುವಿನ ಮುಂದೆ ಎರಡು ಬಟ್ಟಲು ಇಟ್ಟು, ಒಂದರಡಿ ಆಟಿಕೆ ಇಡಿ. ಮಗು ಈ ಬದಿಯಲ್ಲಿ, ನೀವು ಎದುರು ಬದಿಯಲ್ಲಿ. "ಇಲ್ಲಿ ಬಾ" ಅಂತ ಕರೆದು, ತಾನಾಗಿ ಸುತ್ತಿಕೊಂಡು ನಿಮ್ಮ ಬದಿಗೆ ಬರಲು ಬಿಡಿ. ಬಂದ ಮೇಲೆ ಹುಡುಕಲಿ. ಬೇರೊಂದು ದಿನ ನೀವೇ ಎತ್ತಿಕೊಂಡು ಎದುರು ಬದಿಗೆ ಒಯ್ದು ಇದೇ ಆಟ ಆಡಿಸಿ. ತಾನಾಗಿ ಬಂದಾಗಲೇ ಹೆಚ್ಚು ಸಲ ಸರಿಯಾಗುತ್ತದೆ. ತೆವಳುವಾಗ ಮಗು ಬಟ್ಟಲಿನ ಮೇಲೆ ಕಣ್ಣಿಟ್ಟೇ ಬರುತ್ತದೆ. ಎತ್ತಿಕೊಂಡಾಗ ನಿಮ್ಮ ಭುಜದ ಆಚೆ ಏನಿದೆ ಅಂತ ನೋಡುತ್ತಿರುತ್ತದೆ. ದಿನದ ಹೆಚ್ಚು ಹೊತ್ತು ಕುರ್ಚಿ, ತಳ್ಳುಗಾಡಿ, ಸೊಂಟದ ಮೇಲೆಯೇ ಇರುವ ಮಗುವಿಗೆ ಏನು ತಪ್ಪಿಹೋಗುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ?

ಪರದೆಗಳ ವಿಷಯ ಒಂದೇ ಮಾತು. ಒಂದು ವರ್ಷದೊಳಗೆ ಮೊಬೈಲ್, ಟಿವಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಒಂದರಿಂದ ಎರಡು ವರ್ಷ: ನೋಡದಿದ್ದದ್ದನ್ನೂ ಊಹಿಸುವುದು

ಒಂದು ವರ್ಷ ದಾಟಿದ ಮಗು, ನೋಡುತ್ತಿರುವಾಗ ಎರಡು ಮೂರು ಜಾಗ ಬದಲಿಸಿದರೂ ಕೊನೆಯ ಜಾಗಕ್ಕೇ ಹೋಗತೊಡಗುತ್ತದೆ. ಡಬ್ಬಿಗೆ ತುಂಬು, ಸುರಿ, ಮತ್ತೆ ತುಂಬು ಅನ್ನುವ ಆಟ ಗಂಟೆಗಟ್ಟಲೆ ನಡೆಯುತ್ತದೆ. ನಡೆಯಲಿ, ಒಳಗೆ ಹೊರಗೆ ಅನ್ನುವುದು ಹಾಗೇ ತಿಳಿಯುವುದು.

ಹದಿನೆಂಟು ತಿಂಗಳ ಆಸುಪಾಸಿನಲ್ಲಿ ಹೊಸ ಆಟ ತನ್ನಿ. ಆಟಿಕೆಯನ್ನು ನಿಮ್ಮ ಮುಷ್ಟಿಯಲ್ಲಿ ಹಿಡಿದು, ಮುಷ್ಟಿಯನ್ನು ಬಟ್ಟೆಯಡಿ ಹಾಕಿ, ಆಟಿಕೆಯನ್ನು ಅಲ್ಲೇ ಬಿಟ್ಟು, ಮುಚ್ಚಿದ ಮುಷ್ಟಿಯನ್ನೇ ಹೊರಗೆ ತನ್ನಿ. ಒಂದು ವರ್ಷದ ಮಗು ನಿಮ್ಮ ಮುಷ್ಟಿ ಬಿಡಿಸುತ್ತದೆ, ಖಾಲಿ ಕಂಡು ಅಲ್ಲಿಗೇ ಬಿಡುತ್ತದೆ. ಒಂದೂವರೆ ಎರಡು ವರ್ಷದ ಮಗು ಮುಷ್ಟಿ ಖಾಲಿ ಕಂಡ ಕೂಡಲೇ ಬಟ್ಟೆಯ ಕಡೆಗೆ ಹೋಗುತ್ತದೆ. ತಾನು ನೋಡದ್ದನ್ನು ಅದು ಮನಸ್ಸಿನಲ್ಲೇ ಕಟ್ಟಿಕೊಂಡಿದೆ.

ಮರಳಲ್ಲಿ ಆಟಿಕೆ ಹೂತು ಆಡಿಸುವುದೂ ಚೆನ್ನ. 1994ರ ಒಂದು ಅಧ್ಯಯನದಲ್ಲಿ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ಮಕ್ಕಳು ಉದ್ದನೆಯ ಮರಳ ಪೆಟ್ಟಿಗೆಯಲ್ಲಿ ಹೂತ ಆಟಿಕೆಯನ್ನು, ಮೇಲೆ ಯಾವ ಗುರುತೂ ಇಲ್ಲದಿದ್ದರೂ, ಅದಿದ್ದ ಜಾಗದ ಹತ್ತಿರವೇ ಅಗೆದು ಹುಡುಕಿದರು. ದೂರದ ಅಂದಾಜು ಅವರಿಗೆ ಆಗಲೇ ಇತ್ತು.

ಈ ವಯಸ್ಸಿನಲ್ಲಿ ಜಾಗದ ಮಾತುಗಳನ್ನು ಧಾರಾಳವಾಗಿ ಬಳಸಿ. "ಅದು ಅಲ್ಲಿದೆ" ಅನ್ನುವ ಬದಲು "ಕುರ್ಚಿಯ ಕೆಳಗಿದೆ", "ಪೆಟ್ಟಿಗೆಯ ಹಿಂದಿದೆ", "ಚಿಕ್ಕ ಡಬ್ಬಿ ದೊಡ್ಡ ಡಬ್ಬಿಯ ಒಳಗೆ ಹೋಯಿತು" ಅನ್ನಿ. ಹದಿನಾಲ್ಕರಿಂದ ನಲವತ್ತಾರು ತಿಂಗಳವರೆಗೆ ಮಕ್ಕಳ ಜೊತೆ ಮನೆಯವರು ಆಡಿದ ಮಾತನ್ನು ದಾಖಲಿಸಿದ ಅಮೆರಿಕದ ಒಂದು ಅಧ್ಯಯನ 2011ರಲ್ಲಿ ಬಂತು. ಆಕಾರ, ಗಾತ್ರ, ಅಂಚು, ಮೂಲೆ ಇಂಥ ಮಾತು ಜಾಸ್ತಿ ಕೇಳಿದ ಮಕ್ಕಳು ತಾವೂ ಅವನ್ನು ಜಾಸ್ತಿ ಬಳಸಿದರು. ಹಾಗೆ ಜಾಸ್ತಿ ಬಳಸಿದವರು ನಾಲ್ಕೂವರೆ ವರ್ಷದಲ್ಲಿ ಆಕಾರ ಹೊಂದಿಸುವಂಥ ಕೆಲಸಗಳಲ್ಲಿ ಮುಂದಿದ್ದರು.

ಎರಡು ವರ್ಷ ದಾಟಿದರೂ ಒಂದು ತಪ್ಪು ಉಳಿದಿರುತ್ತದೆ. ಡೊಂಕಾದ ಕೊಳವೆಯಲ್ಲಿ ಚೆಂಡು ಬಿಟ್ಟರೆ, ಅದು ಪಕ್ಕಕ್ಕೆ ಹೋಗಿ ಬೀಳುವುದು ನಮಗೆ ಗೊತ್ತು. ಮಗು ಮಾತ್ರ ಬಿಟ್ಟ ಜಾಗದ ನೇರ ಕೆಳಗೆ ಹುಡುಕುತ್ತದೆ. ಬ್ರೂಸ್ ಹುಡ್ ಇದನ್ನು 1995ರಲ್ಲಿ ವರದಿ ಮಾಡಿದರು. ಬಿದ್ದದ್ದು ನೆಟ್ಟಗೆ ಕೆಳಗೆ ಹೋಗುತ್ತದೆ ಅಂತ ಮಗು ಎಷ್ಟೋ ಸಲ ಬೀಳಿಸಿ ಕಲಿತಿದೆ, ಆ ಪಾಠ ಅಷ್ಟು ಗಟ್ಟಿ. ಸುರುಳಿ ಸುತ್ತಿದ ದಪ್ಪ ಕಾಗದವನ್ನು ಓರೆಯಾಗಿ ಹಿಡಿದು ನೀವೂ ಆಡಿಸಬಹುದು.

ಡಾಕ್ಟರನ್ನು ಕೇಳಬೇಕಾದದ್ದು ಯಾವಾಗ

ಒಂದು ದಿನ ಹುಡುಕಲಿಲ್ಲ ಅಂತ ಏನೂ ಆಗಿಲ್ಲ. ನಿದ್ದೆ ಬಂದಿರಬಹುದು, ಆಟಿಕೆ ಬೇಜಾರಾಗಿರಬಹುದು. ಆದರೆ ಕೆಲವನ್ನು ಗಮನದಲ್ಲಿಡಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಟ್ಟಿರುವ ಬೆಳವಣಿಗೆ ಪಟ್ಟಿಯ ಪ್ರಕಾರ ಹೆಚ್ಚಿನ ಮಕ್ಕಳು ಒಂಬತ್ತು ತಿಂಗಳ ಹೊತ್ತಿಗೆ ಬಿದ್ದು ಮರೆಯಾದ ವಸ್ತುವಿಗಾಗಿ ಹುಡುಕುತ್ತಾರೆ, ಹನ್ನೆರಡು ತಿಂಗಳಿಗೆ ತಮ್ಮ ಎದುರೇ ಮುಚ್ಚಿಟ್ಟದ್ದನ್ನು ಹುಡುಕುತ್ತಾರೆ. ಆ ವಯಸ್ಸು ದಾಟಿಯೂ ಇದು ಕಾಣದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ. ನಾಲ್ಕು ತಿಂಗಳಾದರೂ ಸರಿಯುವ ವಸ್ತುವನ್ನು ಕಣ್ಣು ಹಿಂಬಾಲಿಸದಿದ್ದರೆ, ಆರು ತಿಂಗಳು ದಾಟಿದರೂ ಬೇಕಾದ ಆಟಿಕೆಗೆ ಕೈ ಚಾಚದಿದ್ದರೆ, ಒಂದು ವರ್ಷದೊಳಗೇ ಯಾವಾಗಲೂ ಒಂದೇ ಕೈ ಬಳಸಿ ಇನ್ನೊಂದನ್ನು ಬಳಸದಿದ್ದರೆ ಕಾಯಬೇಡಿ. ಬರುತ್ತಿದ್ದದ್ದು ಬರದೆ ಹೋದರೆ, ಅಂದರೆ ಮೊದಲು ಹುಡುಕುತ್ತಿದ್ದ ಮಗು ಹುಡುಕುವುದನ್ನು ಬಿಟ್ಟುಬಿಟ್ಟರೆ, ಅದೇ ವಾರ ತೋರಿಸಿ.

ಹೋಗುವಾಗ ಮನೆಯಲ್ಲಿ ಆಡಿಸಿದ ಒಂದೆರಡು ನಿಮಿಷದ ವಿಡಿಯೋ ಫೋನಿನಲ್ಲಿ ಇರಲಿ. ಹೊಸ ಜಾಗದಲ್ಲಿ, ಹೊಸ ಮುಖದ ಮುಂದೆ ಮಗು ಆಟಿಕೆಯ ಕಡೆ ತಿರುಗಿಯೂ ನೋಡದಿರಬಹುದು. ಮಗುವಿನ ಮುಖ, ಎರಡೂ ಕೈ ಮತ್ತು ಎರಡೂ ಬಟ್ಟಲು ಒಟ್ಟಿಗೆ ಕಾಣುವಂತೆ ಎದುರಿನಿಂದ ತೆಗೆಯಿರಿ.